ಮುಕ್ಕಾಂ ಬಸ್ಸು

ಕಲ್ಯಾಣ್ ಸ್ಟೇಷನ್ನಿನ ಪಶ್ಚಿಮ ಬದಿಯಲ್ಲಿ, ಸ್ಕೈವಾಕಿನ ಮೆಟ್ಟಿಲ ಪಕ್ಕ, ಕೆಸುವಿನ ಎಲೆ ಮಾರುವ ಹೆಂಗಸೊಬ್ಬರು ಕೂರುತ್ತಾರೆ. ಎಲ್ಲರಿಗೂ ಅವರು ಮಾವ್ಶಿ, ಅಂದರೆ ಚಿಕ್ಕಮ್ಮ. ಐರೋಲಿಯ ಆಫೀಸಿಗೆ ಹೋಗಲು ನಾನು ಏಳರ ಲೋಕಲ್ ಹಿಡಿಯುವವಳು. ಓಡುತ್ತ ಬಂದು, ಎಲೆಯ ಕಟ್ಟು ಬ್ಯಾಗಿಗೆ ತುರುಕಿ, ಮಾತು ಅರ್ಧಕ್ಕೇ ಬಿಟ್ಟು ಓಡುತ್ತಿದ್ದೆ. ಉಡುಪಿ ಬಿಟ್ಟು ಮೂವತ್ತು ವರ್ಷವಾದರೂ ಆಟಿ ತಿಂಗಳಲ್ಲಿ ಈ ಎಲೆಯ ಪತ್ರೊಡೆ ಆಗದಿದ್ದರೆ ನಮ್ಮ ಅತ್ತೆಗೆ ಮಳೆಗಾಲ ಬಂದ ಲೆಕ್ಕವೇ ಅಲ್ಲ.

ಒಂದು ವರ್ಷ ಆಟಿಯಲ್ಲಿ ಮಾವ್ಶಿ ಕಾಣೆಯಾದರು. ಅವರ ಜಾಗದಲ್ಲಿ ಮೊಬೈಲ್ ಕವರ್ ಮಾರುವವನೊಬ್ಬ ಚಾದರ ಹಾಸಿದ್ದ. ನಾನು ಮಾರ್ಕೆಟ್ಟಿನಿಂದ ಎಲೆ ತಂದೆ. ಅತ್ತೆ ಒಂದು ತುಂಡು ಬಾಯಿಗಿಟ್ಟು, "ಇದೆಂತ ಎಲೆ ಮಾರಾಯ್ತಿ, ಗಂಟಲು ತುರಿಸ್ತದೆ" ಎಂದು ತಟ್ಟೆ ದೂಡಿದರು. ಸಿಟ್ಟೆಲ್ಲ ಮಾವ್ಶಿಯ ಮೇಲೆ ತಿರುಗಿತು. ಹತ್ತು ದಿನ ಬಿಟ್ಟು, ನನಗೆ ಏಳರ ಲೋಕಲ್ ತಪ್ಪಿದ ಒಂದು ಬೆಳಗ್ಗೆ, ತಲೆಯ ಮೇಲೆ ಗಂಟು ಹೊತ್ತು ಮೆಟ್ಟಿಲ ಬಳಿ ನಿಂತಿದ್ದ ಅವರನ್ನು ಕಂಡವಳೇ ನಾನು ಮೊದಲು ಮಾಡಿದ್ದು ರೇಗಿದ್ದು. ಎಲ್ಲಿ ಮಾಯವಾಗಿದ್ದಿರಿ ಎಂದೆ.

ಅವರು ಬೇಸರವಿಲ್ಲದೆ ಮರಾಠಿಯಲ್ಲಿ ವಿವರಿಸಿದರು. ಅವರ ಊರು ಮುರಬಾಡ್ ರಸ್ತೆಯಿಂದ ಒಳಗೆ. ಸಂಜೆ ಬಂದು ರಾತ್ರಿ ಊರಲ್ಲೇ ಮುಕ್ಕಾಂ ಮಾಡಿ ಬೆಳಗ್ಗೆ ನಾಲ್ಕೂವರೆಗೆ ಹೊರಡುತ್ತಿದ್ದ ಬಸ್ಸು ಮಳೆಗಾಲ ಶುರುವಾದ ಮೇಲೆ ನಿಂತುಹೋಗಿತ್ತು. ಈಗ ಗಂಟು ಹೊತ್ತು ಹೆದ್ದಾರಿಯವರೆಗೆ ನಡೆದು, ಸಿಕ್ಕಿದ ಜೀಪು ಹತ್ತಿ ಬರುವಷ್ಟರಲ್ಲಿ ಏಳು ದಾಟುತ್ತಿತ್ತು. ಫುಟ್‌ಪಾತಿನಲ್ಲಿ ಯಾರೂ ಬರೆದಿಡದ ಒಂದು ಕಾಯಿದೆ ಇದೆ. ಆರು ಗಂಟೆಗೆ ಯಾರು ಕೂತರೋ ಜಾಗ ಅವರದ್ದು. ಕವರಿನ ಹುಡುಗ ಕೆಟ್ಟವನಲ್ಲ, ಖಾಲಿ ಇತ್ತು ಕೂತ ಎಂದರು. ಗಿರಾಕಿಗಳು ತನ್ನನ್ನು ಗುರುತಿಸುವುದು ಆ ಮೆಟ್ಟಿಲಿನಿಂದ, ದಸರೆಯೊಳಗೆ ಜಾಗ ವಾಪಸ್ ಸಿಗದಿದ್ದರೆ ವ್ಯಾಪಾರ ಬಿಟ್ಟ ಹಾಗೇ ಎಂದೂ ಹೇಳಿದರು.

ನನಗೆ ಸಿಟ್ಟು ಏರಿತು. ಹಳ್ಳಿಗಳಲ್ಲಿ ಎಲ್ಲೆಲ್ಲಿ ಬಸ್ಸು ಬೇಕು ಎಂದು ತಿಳಿಯಲು ನಮ್ಮ ಆಫೀಸಿನವರು ಆಗ ಸಮಾಜಸೇವೆಯೆಂದು ರವಿವಾರಗಳಲ್ಲಿ ನಮ್ಮನ್ನು ಸರ್ವೆಗೆ ಕಳಿಸುತ್ತಿದ್ದರು. ಜಗಳವಾಡಿ ಆ ಊರನ್ನು ನಾನೇ ಕೇಳಿ ತೆಗೆದುಕೊಂಡೆ. ಒಂಬತ್ತರಿಂದ ಹನ್ನೊಂದರವರೆಗೆ ಸ್ಟಾಪಿನಲ್ಲಿ ಕಾಯುವವರನ್ನು ಎಣಿಸಬೇಕು ಎಂದು ಫಾರ್ಮಿನಲ್ಲಿತ್ತು. ಕೊಡೆ ಹಿಡಿದು ಕೂತೆ, ಎಣಿಸಿದೆ. ಒಬ್ಬ ಅಜ್ಜ ಬಂದರು. ಅವರು ಮೇಕೆ ಕಾಯಲು ಬಂದವರು. ಹನ್ನೊಂದಕ್ಕೆ 'ಬೇಡಿಕೆ ಇಲ್ಲ' ಎಂಬ ಚೌಕದಲ್ಲಿ ಟಿಕ್ ಹಾಕಿದೆ. ಎಲ್ಲ ಕೇಳಿಸಿಕೊಂಡು ಬಂದ ನಾನೇ ಹಾಕಿದೆ! ಹಾಕುವಾಗ ಕೈ ತಡೆಯಲಿಲ್ಲವಲ್ಲ ಎಂದು ಈಗಲೂ ಚುಚ್ಚುತ್ತದೆ.

ನಾನು ಬರುತ್ತೇನೆಂದು ಮಾವ್ಶಿ ಅಂದಿನ ವ್ಯಾಪಾರ ಬಿಟ್ಟು ಊರಲ್ಲಿ ನಿಂತಿದ್ದರು. ಚಹಾ ತಂದುಕೊಟ್ಟು, ಏನು ಬರೆಯುತ್ತಿದ್ದೀ ಎಂದು ಕೇಳಿದರು. ಹೇಳಿದೆ. ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. ನನಗೆ ನಲವತ್ತೈದಾದರೂ ಅವರಿಗೆ ನಾನು ಪೋರಿ, ಅಂದರೆ ಹುಡುಗಿ.

"ಪೋರೀ, ಒಂಬತ್ತಕ್ಕೆ ಇಲ್ಲಿ ಯಾರನ್ನು ಹುಡುಕ್ತೀ? ಹೋಗೋರು ನಾಲ್ಕಕ್ಕೇ ನಡ್ಕೊಂಡು ಹೋದ್ರು. ನಡೆಯೋಕಾಗದವರು ಮನೇಲಿದ್ದಾರೆ. ಬಸ್ಸೇ ಬರದ ಸ್ಟಾಪಿನಲ್ಲಿ ನಿಲ್ಲೋಕೆ ನಮಗೇನು ತಲೆ ಕೆಟ್ಟಿದ್ಯಾ?"

ಫಾರ್ಮು ಹರಿದು ಹಾಕಿದೆ. ಅವರನ್ನೇ ಮುಂದೆ ಬಿಟ್ಟುಕೊಂಡು ಮನೆಮನೆ ತಿರುಗಿದೆ. ತೊಂಡೆಕಾಯಿ ಮಾರುವವರು, ಹೂ ಕಟ್ಟುವವರು, ಆಸ್ಪತ್ರೆಯ ತಾರೀಖು ಎರಡು ಸಲ ತಪ್ಪಿಸಿಕೊಂಡ ಬಸುರಿ, ಎಲ್ಲರ ಹೆಸರೂ ಬರೆದು ಬಸ್ ಡಿಪೋಗೆ ಒಯ್ದೆ. ಮಾತಿಗೆ ಮಾತು ಕೊಡಲು ತಯಾರಾಗಿಯೇ ಹೋಗಿದ್ದೆ. ಅಲ್ಲಿಯ ಸಾಹೇಬರು ಪಟ್ಟಿ ಪೂರ್ತಿ ಓದಿ, ಕನ್ನಡಕ ತೆಗೆದಿಟ್ಟರು.

"ಪ್ಯಾಸೆಂಜರ್ ಇಲ್ಲ ಅಂತ ಯಾರು ಹೇಳಿದ್ದು ಮ್ಯಾಡಂ? ಗಾಡಿ ತುಂಬಿ ಬರ್ತಿತ್ತು. ಡ್ರೈವರ್, ಕಂಡಕ್ಟರ್ ಮಲಗೋದೆಲ್ಲಿ, ಅದನ್ನ ಹೇಳಿ."

ಶಾಲೆಯ ಕೋಣೆಯಲ್ಲಿ ಅವರು ಮಲಗುತ್ತಿದ್ದರಂತೆ. ಮೊದಲ ಮಳೆಗೇ ಅದರ ಮಾಡಿನ ತಗಡು, ಪತ್ರಾಸು, ಹಾರಿಹೋಗಿ, ಬಸ್ಸಿನ ಸೀಟಿನಲ್ಲೇ ಕಾಲು ಮಡಚಿ ಮಲಗಿ, ಬೆಳಗ್ಗೆ ನಿದ್ದೆಗೆಟ್ಟ ಅದೇ ಕಣ್ಣಲ್ಲಿ ಗಾಡಿ ಓಡಿಸಬೇಕಾಯಿತು. ಆಮೇಲೆ ಆ ಡ್ಯೂಟಿಗೆ ಯಾರೂ ಒಪ್ಪಲಿಲ್ಲ. ಸಾಹೇಬರ ಮಾತಿನಲ್ಲಿ ತಪ್ಪೇನಿತ್ತು? ನಮ್ಮ ಫಾರ್ಮಿನಲ್ಲಿ ಊರಿಗೆಲ್ಲ ಪ್ರಶ್ನೆಗಳಿದ್ದವು, ಬಸ್ಸು ಓಡಿಸುವವನ ನಿದ್ದೆಯ ಬಗ್ಗೆ ಒಂದು ಸಾಲೂ ಇರಲಿಲ್ಲ. ಸಿಟ್ಟು ಮಾಡಲು ಎದುರಿಗೆ ಯಾರೂ ಉಳಿಯಲಿಲ್ಲ.

ಅಲ್ಲಿಂದಲೇ ಮಾವ್ಶಿಗೆ ಫೋನ್ ಮಾಡಿದೆ. ಪತ್ರಾಸು ಹಾಕಿಸಲು ಪಂಚಾಯತಿಗೆ ದೀಪಾವಳಿ ದಾಟುತ್ತದಂತೆ ಎಂದೆ. ದಸರೆ ಮೊದಲೇ ಬರುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಅವರು, ತನ್ನ ಮನೆಯ ಮುಂದಿನ ಕೋಣೆ ಇದೆಯಲ್ಲ, ಸೋರುವುದಿಲ್ಲ, ಹಿಂದೆ ಸಂಡಾಸೂ ಇದೆ ಎಂದರು. ಅವರು ಮತ್ತು ಅವರ ಗಂಡ ಕಾಕಾ ಇರುವ ಆ ಮನೆ ನಾನು ನೋಡಿದ್ದೆ. ಒಂದು ಮುಂದಿನ ಕೋಣೆ, ಒಂದು ಅಡಿಗೆಮನೆ, ಅಷ್ಟೇ. ಕಾಕಾ ಮತ್ತು ನೀವು ಎಲ್ಲಿ ಮಲಗುತ್ತೀರಿ ಎಂದು ಕೇಳಿದೆ. ಫೋನು ಸಾಹೇಬರಿಗೆ ಕೊಡು ಎಂದರು.

ಗಣಪತಿ ಹಬ್ಬ ಕಳೆದು ಬಸ್ಸು ಶುರುವಾಯಿತು. ಮರುದಿನ ನಾನು ಅಲಾರಂ ಇಟ್ಟುಕೊಂಡು ಎದ್ದು ಆರಕ್ಕೇ ಸ್ಟೇಷನ್ನಿಗೆ ಹೋದೆ. ಮಾವ್ಶಿ ಆಗಲೇ ಮೆಟ್ಟಿಲ ಪಕ್ಕ ಕೂತು ಎಲೆಗೆ ನೀರು ಚಿಮುಕಿಸುತ್ತಿದ್ದರು. ಆರೂಮುಕ್ಕಾಲಿಗೆ ಕವರಿನ ಹುಡುಗ ಬಂದ. ನಾನು ಜಗಳಕ್ಕೆ ಟೊಂಕ ಕಟ್ಟಿ ನಿಂತೆ. ಅವನು ಒಮ್ಮೆ ನೋಡಿದ, ನಾಲ್ಕು ಹೆಜ್ಜೆ ಆಚೆ ಹೋಗಿ ಚಾದರ ಹಾಸಿದ. ನನಗೆ ಕಣ್ಣು ತುಂಬಿ ಬಂತು, ಸುಳ್ಳು ಯಾಕೆ ಹೇಳಲಿ.

ಎಲ್ಲಿ ಮಲಗುತ್ತೀರಿ ಎಂದು ಮತ್ತೆ ಕೇಳಿದೆ. ತಾನು ಒಲೆಯ ಪಕ್ಕ, ಕಾಕಾ ಹಿಂದಿನ ಜಗಲಿಯಲ್ಲಿ ಮೇಕೆಗಳ ಜೊತೆ ಎಂದರು. ಡ್ರೈವರ್ ಭಾರೀ ಗೊರಕೆ ಹೊಡೆಯುತ್ತಾನಂತೆ, ಪಾಪ, ದಣಿದಿರುತ್ತಾನೆ ಎಂದರು. ನಾನು ಇದು ಸರಿಯಲ್ಲ, ಪಂಚಾಯತಿಯ ಮುಂದೆ ಹೋಗಿ ಕೂರುತ್ತೇನೆ, ನಾಳೆಯೇ ಅರ್ಜಿ ಬರೆಯುತ್ತೇನೆ ಎಂದೆಲ್ಲ ಹಾರಾಡಿದೆ. ಮಾವ್ಶಿ ಎಲೆ ಜೋಡಿಸುವುದು ನಿಲ್ಲಿಸಲಿಲ್ಲ.

"ಬರಿ, ಬೇಡ ಅನ್ನಲ್ಲ. ಆದ್ರೆ ಪೋರೀ, ಅಲ್ಲಿ ಜಾಗ ಬಿಟ್ಟೆ, ಇಲ್ಲಿ ಜಾಗ ಉಳೀತು."

ಹಾಗೆಂದು ಗಂಟನ್ನು ಮಂಡಿಯ ಹತ್ತಿರ ಎಳೆದುಕೊಂಡು, ನನಗೂ ಕೂರಲು ಅಷ್ಟು ಜಾಗ ಮಾಡಿಕೊಟ್ಟರು. ಏಳರ ಲೋಕಲ್ ಹೊರಡುವುದು ಕೇಳಿಸಿತು. ನಾನು ಕೂತೆ.