ಒರೆಸದೆ ಉಳಿದ ಹತ್ತು ಲಕ್ಷ ಡಿಗ್ರಿ

ಮಾಸ್ತರರ ಬಲಗೈ ಮೇಲೆ ಮಣಿಕಟ್ಟಿನಿಂದ ಮೊಣಕೈವರೆಗೆ ಸುಟ್ಟ ಕಲೆಗಳಿದ್ದವು, ಒಂದೊಂದೂ ತೊಗರಿಕಾಳಿನಷ್ಟು. ಮಸಗುಪ್ಪಿಯ ಬೆಲ್ಲ ಮಾಡುವ ಮನೆತನದವರು. ಕುದಿಯುವ ಪಾಕ ಸಿಡಿದು ಆದ ಕಲೆಗಳವು. ಮೂಡಲಗಿ ಕಡೆಯ ಶಾಲೆಯೊಂದರಲ್ಲಿ ವಿಜ್ಞಾನದ ಮಾಸ್ತರರಾದ ಮೇಲೂ ರವಿವಾರ ಗಾಣದ ಮನೆಗೆ ಹೋಗಿ ಕೊಪ್ಪರಿಗೆಯ ಮುಂದೆ ನಿಲ್ಲುತ್ತಿದ್ದರು. ಐವತ್ತರ ದಶಕದ ಮಾತು. ನಾನು ಅದೇ ಶಾಲೆಯ ಗುಮಾಸ್ತ.

ಪಾಠದ ನಡುವೆ ಅವರ ದನಿ ಏರಿತೆಂದರೆ ಯಾವುದೋ ಬಿಡಿಸದ ಪ್ರಶ್ನೆ ಬಂದಿದೆ ಎಂದೇ ಅರ್ಥ. "ಇದು ಇನ್ನೂ ಯಾರಿಗೂ ಗೊತ್ತಿಲ್ಲ ನೋಡ್ರೆಪಾ" ಎನ್ನುವಾಗ ಮನೆಯಲ್ಲಿ ಮದುವೆ ಗೊತ್ತಾದವರ ಹಾಗೆ ಕಾಣುತ್ತಿದ್ದರು.

ಅವರ ನೌಕರಿ ಕಾಯಂ ಆಗಬೇಕಿದ್ದ ವರ್ಷ ಇನ್‌ಸ್ಪೆಕ್ಟರ್ ಸಾಹೇಬರು ತಪಾಸಣೆಗೆ ಬಂದರು. ಗೋಕಾಕದ ವಾಚನಾಲಯದಲ್ಲಿ ಓದಿದ್ದನ್ನು ಮಾಸ್ತರರು ಹಲಗೆಯ ಮೇಲೆ ಬರೆದಿದ್ದರು: ಸೂರ್ಯನ ಮೇಲ್ಮೈ ಸುಮಾರು ಆರು ಸಾವಿರ ಡಿಗ್ರಿ, ಅದರ ಹೊರಗಿನ ವಾತಾವರಣ ಹತ್ತು ಲಕ್ಷಕ್ಕೂ ಮೇಲೆ.

"ಒಲಿಯಿಂದ ದೂರ ಸರದಂಗ ಬಿಸಿ ಹೆಚ್ಚಾಗ್ತೈತೇನ್ರಿ ಮಾಸ್ತರ?" ಎಂದರು ಸಾಹೇಬರು.

"ಒಲಿಗೆ ಇಲ್ರಿ. ಸೂರ್ಯಾಗ ಐತ್ರಿ."

"ಯಾಕ?"

"ಗೊತ್ತಿಲ್ರಿ."

"ಸೊನ್ನಿ ಹೆಚ್ಚಿಗಿ ಬಿದ್ದಾವ. ಒರಸ್ರಿ."

ಮಾಸ್ತರರು ಒರೆಸಲಿಲ್ಲ. ಸಾಹೇಬರು ಹೇಳಿದ ಷರಾವನ್ನು ದಫ್ತರದಲ್ಲಿ ಬರೆದವನು ನಾನೇ: 'ವಿಷಯಜ್ಞಾನ ಸಾಲದು. ಕಾಯಂ ಮಾಡಬಾರದು.' ತಿಂಗಳ ನಂತರ ಮರುತಪಾಸಣೆ. ಅಲ್ಲಿಯೂ ತೇರ್ಗಡೆಯಾಗದಿದ್ದರೆ ನೌಕರಿ ಇಲ್ಲ.

ಶಾಲಾ ಸಮಿತಿಯ ಅಧ್ಯಕ್ಷರು, ತಾವೂ ಗಾಣದವರೇ, ನನ್ನನ್ನು ಕರೆಸಿದರು. "ಕೊಪ್ಪರಿಗಿ ಮ್ಯಾಲಿನ ಉಗಿ ಸುಟ್ಟಂಗ ಒಳಗಿನ ಪಾಕ ಸುಡೂದಿಲ್ಲ. ಸೂರ್ಯಾಂದೂ ಹಂಗ ಅಂತ ಬರಿ. ಸಾಹೇಬ್ರಿಗೆ ಒಂದ್ ಕಾರಣ ಬೇಕು, ಕೊಟ್ಟರಾತು." ನಾನು ಸೊಗಸಾದ ಅರ್ಜಿ ಬರೆದೆ. ಅದರ ಬಗ್ಗೆ ಹೆಮ್ಮೆಯೂ ಇತ್ತು.

ಮಾಸ್ತರರು ಓದಿದರು. "ಚಂದ ಬರದೀರಿ. ಖರೆ ಅಲ್ಲ."

ಆ ರವಿವಾರ ಪ್ರಯೋಗಶಾಲೆಯ ಥರ್ಮಾಮೀಟರ್ ಹಿಡಿದು ನಮ್ಮಿಬ್ಬರನ್ನೂ ಕೊಪ್ಪರಿಗೆಯ ಬಳಿಗೆ ಕರೆದೊಯ್ದರು. ಮೊದಲು ಉಗಿಯಲ್ಲಿ, ಆಮೇಲೆ ಪಾಕದಲ್ಲಿ ಹಿಡಿದರು. ಪಾದರಸ ಪಾಕದಲ್ಲೇ ಹೆಚ್ಚು ಮೇಲೇರಿತು.

"ನಿಮ್ಮ ನೌಕರಿ ಉಳಸಾಕ ಬಂದ್ರ, ನನ್ನ ಗಾಣದಾಗ ನನ್ನನ್ನ ಸುಳ್ಳ ಮಾಡಿದ್ರಲ್ರಿ" ಎಂದರು ಅಧ್ಯಕ್ಷರು.

"ಕಾಕಾ, ಈ ಸುಳ್ಳು ನಾಳಿ ಹುಡುಗ್ರ ವಹಿಯೊಳಗ ಹೋಗ್ತೈತ್ರಿ. ನೌಕರಿ ಹೋದ್ರ ಗಾಣ ಐತಿ."

ಅರ್ಜಿಯಲ್ಲಿ ಉಗಿಯ ಆ ಸಾಲನ್ನು ನನ್ನ ಕೈಯಿಂದಲೇ ಹೊಡೆದು ಹಾಕಿಸಿದರು. ಹೊಡೆದ ಮೇಲೆ ಅರ್ಜಿಯಲ್ಲಿ ಉಳಿದದ್ದು ನಮಸ್ಕಾರಗಳು ಮಾತ್ರ. ಅದರ ಬದಲು ಸೂರ್ಯನನ್ನು ಅಭ್ಯಾಸ ಮಾಡುವ ದಕ್ಷಿಣದ ಒಂದು ವೇಧಶಾಲೆಗೆ ಕಾರ್ಡು ಬರೆದು ಎರಡು ಪ್ರಶ್ನೆ ಕೇಳಿದರು: ಅಂಕಿ ಸರಿಯೇ? ಕಾರಣ ಗೊತ್ತೇ?

ಉತ್ತರ ಬಂದದ್ದು ಮರುತಪಾಸಣೆಯ ಹಿಂದಿನ ದಿನ. ಮರುದಿನ ತರಗತಿಯಲ್ಲಿ ಸಾಹೇಬರು ಆ ಇಂಗ್ಲಿಷ್ ಕಾಗದವನ್ನು ನಿಂತೇ ಓದಿದರು. ಮತ್ತೊಮ್ಮೆ ಓದಿದರು. ಬಳಿಕ ತರಗತಿಯ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು: "ಅಂಕಿ ಬರೋಬರಿ ಐತಿ. ಕಾರಣ ಅವರಿಗೂ ಗೊತ್ತಿಲ್ಲಂತ. ಹುಡಕಾಕತ್ತಾರಂತ."

ಹುಡುಗರು ಬೆಂಚು ಬಡಿದ ಸದ್ದಿಗೆ ಪಕ್ಕದ ಎರಡು ತರಗತಿಗಳು ಹೊರಗೆ ಬಂದವು. ಮುಖ್ಯಾಧ್ಯಾಪಕರು ತಡೆಯಲಿಲ್ಲ. ಸಾಹೇಬರು ನನ್ನ ಕೈಯಿಂದ ಪೆನ್ನು ತೆಗೆದುಕೊಂಡು ಹಳೆಯ ಷರಾವನ್ನು ತಾವೇ ಹೊಡೆದು ಹಾಕಿ, ಕೆಳಗೆ 'ಕಾಯಂ ಮಾಡಿ' ಎಂದು ಬರೆದರು.

"ನಾ ಕಲತದ್ದು ಹಳೇದಾತು, ಮಾಸ್ತರ."

"ನಂದೂ ಆಗ್ತೈತ್ರಿ" ಎಂದರು ಮಾಸ್ತರರು.

ಮಧ್ಯಾಹ್ನ ಅಧ್ಯಕ್ಷರು ಇಡೀ ಶಾಲೆಗೆ ಬಿಸಿ ಬೆಲ್ಲ ಹಂಚಿಸಿದರು. ಊರು ಗೆದ್ದಿತ್ತು, ಸುಳ್ಳಿನ ಆಸರೆ ಇಲ್ಲದೆ.

ಮುಂದೆ ನಾನು ಹುಬ್ಬಳ್ಳಿಯ ಪತ್ರಿಕೆಯೊಂದಕ್ಕೆ ಸೇರಿದೆ. ಮಿಲ್ಲಿಗೆ ಬೆಂಕಿ ಬಿದ್ದರೆ, ಬಸ್ಸು ಉರುಳಿದರೆ, ಬೆಳಗಾಗುವಷ್ಟರಲ್ಲಿ ಬೇರೆಯವರು ಮೂರು ಕಾರಣ ಅಚ್ಚು ಹಾಕುತ್ತಿದ್ದರು. ನಾನು 'ಕಾರಣ ತಿಳಿದುಬಂದಿಲ್ಲ' ಎಂದು ಹಾಕಿ ಸಂಪಾದಕರಿಂದ ಬೈಸಿಕೊಂಡಿದ್ದೇನೆ. ತಿದ್ದುಪಡಿ ಹಾಕುವ ಪ್ರಸಂಗ ನನಗೆ ಬರಲಿಲ್ಲ.

ಮಾಸ್ತರರು ತೀರಿಕೊಂಡ ಸುದ್ದಿಯನ್ನೂ ನಾನೇ ಬರೆದೆ. ಎಂಟು ಸಾಲು. ಪ್ರತಿಯೊಂದನ್ನೂ ವಿಚಾರಿಸಿ ಖಚಿತ ಮಾಡಿಕೊಂಡಿದ್ದೆ. ಅವರಿಗೆ ಸಲ್ಲುವ ನಮಸ್ಕಾರ ನನಗೆ ತಿಳಿದದ್ದು ಅದೊಂದೇ.