ಎಡಗೈ ಮುಷ್ಟಿಯ ಆಸರೆ

ಗೆರೆಯಪ್ಪ ಎಂದರೆ ಪೇಟೆಯಲ್ಲಿ ಯಾರು ಬೇಕಾದರೂ ಮನೆ ತೋರಿಸುತ್ತಿದ್ದರು. ಅಂಗಡಿಗಳ ಬೋರ್ಡು ಬರೆಯುವುದು ಅವನ ಕಸುಬು. ಅವನು ಬರಿಗೈಯಲ್ಲಿ ಎಳೆದ ಗೆರೆಗೆ ಸ್ಕೇಲಿಟ್ಟು ನೋಡಿದವರು ಪೆಚ್ಚಾಗಿ ಹೋಗಿದ್ದರು. ಏಣಿ ಹತ್ತಿ ದೊಡ್ಡ ಅಕ್ಷರ ಬರೆಯುವಾಗ ಮಾತ್ರ ಎಡಗೈ ಮುಷ್ಟಿ ಮಾಡಿ ಬಲ ಮಣಿಕಟ್ಟಿಗೆ ಆಸರೆ ಕೊಡುತ್ತಿದ್ದ. ಏಣಿ ಹಿಡಿಯುವವಳು ಹೆಂಡತಿ. "ಬ್ರಶ್ಶಿನ ಮೇಲಿರೋ ಪ್ರೀತಿ ನನ್ನ ಮೇಲೂ ಒಂಚೂರು ಇರ್ಲಿ" ಎಂದು ಅವಳು ಛೇಡಿಸಿದರೆ, "ನೀನು ಏಣಿ ಬಿಟ್ರೆ ಬ್ರಶ್ಶೂ ಇಲ್ಲ, ನಾನೂ ಇಲ್ಲ ಕಣೇ" ಎನ್ನುತ್ತಿದ್ದ.

ಅಂಥವನಿಗೆ ರಕ್ತದ ಕ್ಯಾನ್ಸರ್ ಬಂತು. ಮೊದಲ ಸುತ್ತಿನ ಚಿಕಿತ್ಸೆಗೆ ರೋಗ ತಗ್ಗಿತ್ತು. ಅದು ಮತ್ತೆ ತಲೆಯೆತ್ತದಂತೆ ಈಗ ಸೈಟರಾಬಿನ್ ಎಂಬ ಔಷಧಿಯನ್ನು ಹೆಚ್ಚಿನ ಪ್ರಮಾಣದಲ್ಲಿ ಡ್ರಿಪ್ ಹಾಕುತ್ತಿದ್ದರು. ಮೊದಲ ದಿನವೇ ನರ್ಸ್ ಇಬ್ಬರನ್ನೂ ಕೂರಿಸಿಕೊಂಡು ಹೇಳಿದ್ದಳು: "ಕಣ್ಣಿಗೆ ಡ್ರಾಪ್ಸ್ ತಪ್ಪಿಸಬಾರ್ದು. ಜ್ವರ ಬಂದ್ರೆ ತಾನಾಗೇ ಇಳಿಯುತ್ತೆ ಅಂತ ಕಾಯಬಾರ್ದು. ಕೈ ನಡುಗಿದ್ರೆ, ಮಾತು ತೊದಲಿದ್ರೆ, ನಡೆಯುವಾಗ ತೂರಾಡಿದ್ರೆ ತಕ್ಷಣ ಹೇಳಿ. ಈ ಔಷಧಿ ಕೆಲವರ ಮೆದುಳಿಗೆ ತಾಗುತ್ತೆ. ಗೊತ್ತಾದ ಮೇಲೂ ಹಾಕ್ತಾ ಹೋದ್ರೆ ತೊಂದ್ರೆ ಹಾಗೇ ಉಳಿದುಬಿಡಬಹುದು." ಅದಕ್ಕೇ ಪ್ರತಿ ಡ್ರಿಪ್ಪಿಗೆ ಮುಂಚೆ ಅವನ ಕೈಲಿ ಒಂದು ಸಹಿ ಹಾಕಿಸುತ್ತಿದ್ದಳು. "ಮೀನಿಗೆ ಈಜು ಪರೀಕ್ಷೆ!" ಎಂದು ಗೆರೆಯಪ್ಪ ನಕ್ಕಿದ್ದ.

ಇವತ್ತು ಮಧ್ಯಾಹ್ನ ಅವನಿಗೆ ಅಂಗಿಯ ಗುಂಡಿ ಹಾಕಿಕೊಳ್ಳಲಾಗಲಿಲ್ಲ. ಲೋಟದ ನೀರು ಎದೆ ಮೇಲೆ ಚೆಲ್ಲಿತು. ಹೆಂಡತಿ ನರ್ಸನ್ನು ಕರೆಯಲು ಎದ್ದಳು. ಅವನು ಸೆರಗು ಹಿಡಿದು ಕೂರಿಸಿದ.

"ಹೇಳಬೇಡ. ಔಷಧಿ ನಿಲ್ಲಿಸಿದ್ರೆ ಆ ಮಾರಿ ವಾಪಸ್ ಬರುತ್ತೆ. ಕೈ ಹೋದ್ರೆ ಹೋಗ್ಲಿ, ಜೀವ ಉಳೀಲಿ."

ಹೇಳಿದರೆ ರೋಗದ ಭಯ, ಹೇಳದಿದ್ದರೆ ಔಷಧಿಯ ಭಯ. ಅತ್ತ ದರಿ, ಇತ್ತ ಪುಲಿ. ಏನು ಮಾಡಬೇಕೆಂದು ಇನ್ನೂ ಗೊತ್ತಾಗದೆ ಅವಳು ಕೂತಿರುವಾಗಲೇ ನರ್ಸ್ ಬಂದು ಔಷಧಿಯ ಚೀಲವನ್ನು ಕಂಬಕ್ಕೆ ತೂಗುಹಾಕಿ, ಪ್ಯಾಡು ಪೆನ್ನು ಅವನ ತೊಡೆಯ ಮೇಲಿಟ್ಟಳು.

"ಸಹಿ ಹಾಕಿ ಅಣ್ಣ. ಕೈ ನಡುಕ ಏನಾದ್ರೂ?"

"ಏನಿಲ್ಲ ಸಿಸ್ಟರ್." ನಾಲಿಗೆ ಸ್ವಲ್ಪ ದಪ್ಪವಾಗಿತ್ತು. ಅವನು ಮೆಲ್ಲಗೆ ಎಡಗೈ ಮುಷ್ಟಿ ಮಾಡಿ ಬಲ ಮಣಿಕಟ್ಟಿನ ಕೆಳಗಿಟ್ಟ. ಸಹಿ ಅಚ್ಚು ಹೊಡೆದ ಹಾಗೆ ಮೂಡತೊಡಗಿತು. ನರ್ಸ್ ಡ್ರಿಪ್ಪಿನ ನಳಿಕೆಗೆ ಕೈ ಹಾಕಿದಳು.

ತೊಡೆಯ ಮೇಲಿನ ಕಾಗದದಲ್ಲಿ ಬರೆಯುವಾಗ ಅವನು ಎಂದೂ ಮಣಿಕಟ್ಟಿಗೆ ಆಸರೆ ಕೊಟ್ಟವನಲ್ಲ. ಅದು ಹೆಂಡತಿಗೆ ಗೊತ್ತು, ನರ್ಸಿಗೆ ಹೇಗೆ ಗೊತ್ತಾಗಬೇಕು? ಅವನು ಕಣ್ಣಲ್ಲೇ ಬೇಡವೆಂದು ಗೋಗರೆದ. ಹೆಂಡತಿ ಆ ಮುಷ್ಟಿಯನ್ನು ಎಳೆದು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಈಗ ಬರೆಸಿ ಸಿಸ್ಟರ್."

ಪೆನ್ನು ಕಾಗದ ದಾಟಿ ಹಾಸಿಗೆಯ ಮೇಲೆ ಗೀಚಿತು. ಮೂಗು ಮುಟ್ಟಿಕೊಳ್ಳಿ ಎಂದರೆ ಬೆರಳು ಕೆನ್ನೆಗೆ ಹೋಯಿತು. ನರ್ಸ್ ಚೀಲ ಇಳಿಸಿ ಡಾಕ್ಟರನ್ನು ಕರೆತಂದಳು. "ಹೇಳಿದ್ದು ಒಳ್ಳೇದಾಯ್ತು. ಈ ಔಷಧಿ ಇಷ್ಟಕ್ಕೇ ನಿಲ್ಲಲಿ. ರೋಗಕ್ಕೆ ಬೇರೆ ದಾರಿ ನೋಡೋಣ. ಕೈ ಎಷ್ಟು ಸುಧಾರಿಸುತ್ತೋ ಕಾದು ನೋಡ್ಬೇಕು" ಎಂದರು ಡಾಕ್ಟರು.

ಅವರು ಹೋದ ಮೇಲೆ ಗೆರೆಯಪ್ಪ ಗೋಡೆಗೆ ಮುಖ ಮಾಡಿದ.

"ಏಣಿ ಬಿಟ್ಬಿಟ್ಟೆಯಲ್ಲೇ" ಎಂದ ಕಡೆಗೆ.

ಅವನ ಎಡಗೈ ಇನ್ನೂ ಅವಳ ಕೈಯಲ್ಲೇ ಇತ್ತು.

"ಬಿಟ್ಟಿಲ್ಲ ರೀ. ಇಳೀರಿ ಅಂದೆ."