ಪಾಸಾದವಳ ಕಲ್ಲುಸಕ್ಕರೆ

ಒಂದು ಕಲ್ಲು ನೋಡಲಿಕ್ಕೆ ಅಷ್ಟು ದೂರ ಹೋಗಿದ್ದಿರಾ ಅಂತ ಈಗಲೂ ಕೇಳುವವರಿದ್ದಾರೆ. ಹೌದು ಮಾರಾಯ್ರೆ, ಹೋಗಿದ್ದೆವು. ಆಸ್ಟ್ರೇಲಿಯಾಕ್ಕೆ ಹೋಗಲು ಬೇರೆ ನೆವವೂ ಇತ್ತು, ಹೆಂಡತಿಯ ತಮ್ಮ ಅಡಿಲೇಡಿನಲ್ಲಿ ಮನೆ ಕಟ್ಟಿಸಿ ಗೃಹಪ್ರವೇಶ ಇಟ್ಟುಕೊಂಡಿದ್ದ. ಆದರೆ ಮರುಭೂಮಿಯ ನಡುವೆ ಕೂತಿರುವ ಆ ಕೆಂಪು ಬಂಡೆ, ಉಲುರು, ಅಲ್ಲಿಗೆ ಗೈಡ್ ಜೊತೆ ಮೂರು ದಿನದ ಕ್ಯಾಂಪಿಂಗ್ ಟೂರು, ಇದು ಮಾತ್ರ ನಾನು ಮಗಳಿಗೆ ಕೊಟ್ಟ ಮಾತು. ಶಾಲೆಯ ಪ್ರಾಜೆಕ್ಟಿಗೆ ಅವಳು ಆ ಬಂಡೆಯ ಚಿತ್ರ ಬರೆದು, ಕೆಂಪು ಕ್ರೆಯಾನ್ ಪೂರ್ತಿ ಸವೆಸಿ, ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಳು. "ಪಾಸಾಗು, ಕರೆದುಕೊಂಡು ಹೋಗುತ್ತೇನೆ" ಅಂದುಬಿಟ್ಟೆ. ಆ ಒಂದು ಷರತ್ತಿನಿಂದಲೇ ಎಲ್ಲ ಕೆಟ್ಟದ್ದು.

ಆಗ ನಾವು ಲಂಡನ್ನಿನ ದಕ್ಷಿಣ ಅಂಚಿನ ಸಟನ್‌ಗೆ ಬಂದು ಎರಡು ವರ್ಷ. ಅದಕ್ಕೆ ಮೊದಲು ಊರಿನ ಇನ್ನೊಂದು ತುದಿಯ ಹೇಸ್‌ನಲ್ಲಿದ್ದೆವು, ನಾನು ಕೆಲಸ ಮಾಡುವ ಗೋದಾಮಿಗೆ ಹತ್ತು ನಿಮಿಷದ ನಡಿಗೆ. ಸಟನ್‌ನಲ್ಲಿ ಗ್ರಾಮರ್ ಶಾಲೆಗಳಿವೆ. ಹತ್ತು ಹನ್ನೊಂದರ ವಯಸ್ಸಿನಲ್ಲಿ ಪರೀಕ್ಷೆ ಬರೆದು ಪಾಸಾದ ಮಕ್ಕಳಿಗೆ ಮಾತ್ರ ಅಲ್ಲಿ ಸೀಟು. ಸ್ಟ್ಯಾನ್ಮೋರ್‌ನ ಪರಿಚಯದವರ ದೊಡ್ಡ ಮನೆಯೊಂದಕ್ಕೆ ಯುಗಾದಿ ಊಟಕ್ಕೆ ಹೋದಾಗಲೆಲ್ಲ, ಕೋಸಂಬರಿ ಬಡಿಸುವ ಮೊದಲೇ ಮಕ್ಕಳ ಶಾಲೆಯ ವಿಚಾರ ಬರುತ್ತಿತ್ತು. ಮೂರನೇ ವರ್ಷ ನನ್ನ ತಲೆ ಕೆಟ್ಟಿತು. ಮನೆ ಖಾಲಿ ಮಾಡಿ ಸಟನ್‌ಗೆ ಬಂದೆ. ಹೇಸ್‌ಗೆ ದಿನಾ ಎರಡು ರೈಲು, ಒಂದು ಬಸ್ಸು. ಬೆಳಿಗ್ಗೆ ಐದೂವರೆಗೆ ಎದ್ದು ಬೂಟು ಹಾಕಿಕೊಳ್ಳುವಾಗ "ಇದೆಲ್ಲ ನಿನಗೋಸ್ಕರ" ಅಂತ ನಿದ್ದೆಗಣ್ಣಿನ ಮಗುವಿಗೆ ಹೇಳಿ ಹೋಗುತ್ತಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಕುಂದಾಪುರದಲ್ಲಿದ್ದ ನನ್ನಮ್ಮನಿಗೂ ಪರೀಕ್ಷೆಯ ವಿಚಾರ ಗೊತ್ತಿತ್ತು. ಭಾನುವಾರದ ಫೋನಿನಲ್ಲಿ ಒಮ್ಮೆ "ಗಣಪತಿಗೆ ಒಂದು ಹರಕೆ ಹೇಳಿಕೊಂಡಿದ್ದೇನೆ ಮಗಾ" ಅಂದಳು. ಏನು ಹರಕೆ ಅಂತ ನಾನು ಕೇಳಲಿಲ್ಲ. ಕೇಳುವುದೇನು, ಮೊಮ್ಮಗಳು ಪಾಸಾಗಲಿ ಅಂತ, ಮತ್ತೆಂತದ್ದು!

ರಿಸಲ್ಟಿನ ಕಾಗದ ಒಂದು ಶನಿವಾರ ಬೆಳಿಗ್ಗೆ ಬಂತು. ಬೆಣ್ಣೆ ಸವರುವ ಚಾಕುವಿನಲ್ಲೇ ಲಕೋಟೆ ಬಿಚ್ಚಿದೆ. ಮಗಳು ಮೆಟ್ಟಿಲಿನ ಮೇಲೆ ನೈಟ್‌ಡ್ರೆಸ್ಸಿನಲ್ಲಿ ನಿಂತಿದ್ದಳು. ಪಾಸಾಗಿರಲಿಲ್ಲ. ಎರಡನೇ ಸಲ ಓದಿದೆ, ಆಗಲೂ ಆಗಿರಲಿಲ್ಲ. ಅವಳು ಎರಡು ಮೆಟ್ಟಿಲು ಇಳಿದು "ಡ್ಯಾಡ್?" ಅಂದಳು. ಮುಂದಿನದನ್ನು ಒಬ್ಬರಿಗೆ ಬಿಟ್ಟು ನಾನು ಯಾರಿಗೂ ಹೇಳಿದವನಲ್ಲ. ನನ್ನ ಬಲಗೈ ಮೇಲೆದ್ದಿತು. ಭುಜದವರೆಗೂ ಎದ್ದಿತು. ಅವಳು ಕಣ್ಣು ಮುಚ್ಚಿಕೊಂಡಳು. ನಾನು ಕೈ ಇಳಿಸಿ ಕೋಟಿನ ಜೇಬಿಗೆ ತುರುಕಿ, ಬಾಗಿಲು ತೆರೆದು ಹೊರಗೆ ಹೋಗಿ, ಪಾರ್ಕಿನ ಬೆಂಚಿನ ಮೇಲೆ ಚಳಿಯಲ್ಲಿ ಒಂದು ಗಂಟೆ ಕೂತೆ.

ಆ ಕೈ ಎಲ್ಲಿಂದ ಬಂತು ಅಂತ ನನಗೆ ಗೊತ್ತು. ಎಸ್ಸೆಸ್ಸೆಲ್ಸಿಯಲ್ಲಿ ನಾನು ಗಣಿತದಲ್ಲಿ ಡುಮ್ಕಿ ಹೊಡೆದ ದಿನ ಅಪ್ಪ ಅಂಗಳದಲ್ಲಿ ನಿಲ್ಲಿಸಿ ಹುಣಸೆ ಅಡರು ಮುರಿಯುವ ತನಕ ಹೊಡೆದಿದ್ದ. ಪಕ್ಕದ ಮನೆಯವರೆಲ್ಲ ಬೇಲಿಯ ಹತ್ತಿರ ಬಂದು ನೋಡಿದ್ದರು. ಅಮ್ಮ ಒಳಗೆ ಅಡುಗೆಮನೆಯಲ್ಲಿದ್ದಳು, ಹೊರಗೆ ಬರಲಿಲ್ಲ. ಆ ವಿಷಯ ನಮ್ಮ ಮನೆಯಲ್ಲಿ ಆಮೇಲೆ ಯಾರೂ ಎತ್ತಲಿಲ್ಲ.

ನಾನು ಹೊಡೆಯಲಿಲ್ಲ ನಿಜ. ಆದರೆ ನಾಲ್ಕು ದಿನ ಮಗಳ ಜೊತೆ ಮಾತಾಡಲಿಲ್ಲ. ಟೂರು ಕ್ಯಾನ್ಸಲ್ ಅಂದೆ. ಹೆಂಡತಿ ಹಾಲ್‌ನಲ್ಲಿ ಬಟ್ಟೆ ಮಡಚುತ್ತಿದ್ದವಳು ಎದ್ದು ನಿಂತಳು. "ನೀವು ಬರದಿದ್ದರೆ ಬೇಡ, ಗೋದಾಮಿನಲ್ಲೇ ಇರಿ. ನಾನೂ ಮಗಳೂ ಹೋಗ್ತೇವೆ. ಆ ಕಲ್ಲು ಎಂತ ಪಾಸಾದವರಿಗೆ ಮಾತ್ರ ಕಾಣ್ತದಾ?" ಅಂದಳು. ಅವಳು ಹೀಗೆ ಮಾತಾಡುವುದು ಕಡಿಮೆ. ಟೂರು ಉಳಿಯಿತು.

ಆ ಭಾನುವಾರ ಅಮ್ಮನ ಫೋನು. ರಿಸಲ್ಟ್ ಬರುವ ದಿನ ಅವಳಿಗೆ ಗೊತ್ತಿತ್ತು. ಮೊದಲ ಮಾತೇ, "ಹೆಣ್ಣು ಮರ್ಕಿತಾ?" ಹುಡುಗಿ ಅತ್ತಳಾ ಅಂತ. ನಮ್ಮ ಕಡೆ ಹಾಗೇ ಹೇಳುವುದು. ಪಾಸೋ ಫೇಲೋ ಅಂತ ಕೇಳಲೇ ಇಲ್ಲ. ನನಗೋ ಫೇಲು ಅನ್ನಲು ನಾಚಿಕೆ. "ಪಾಸಾಗಿ ಯಾರಾದರೂ ಅಳ್ತಾರಾ ಅಮ್ಮ?" ಅಂದೆ. "ಮರ್ಕಲಿಲ್ಲ ಅಂದ್ರೆ ಆಯ್ತು. ಹರಕೆ ಒಪ್ಪಿಸಿಬಿಡ್ತೇನೆ" ಅಂದಳು. ಫೋನಿಟ್ಟು ತಿರುಗಿದರೆ ಮಗಳು ಮೆಟ್ಟಿಲಿನ ಮೇಲೆ. ಕನ್ನಡದಲ್ಲಿ ಉತ್ತರ ಕೊಡುವವಳಲ್ಲ, ಆದರೆ ಒಂದು ಅಕ್ಷರ ಬಿಡದೆ ಅರ್ಥವಾಗುತ್ತದೆ. ಹಾಗೇ ಮೇಲೆ ಹತ್ತಿ ಹೋದಳು.

ಹೊರಡುವ ವಾರ ಅಂಚೆಯಲ್ಲಿ ಪ್ರಸಾದ ಬಂತು. ಕುಂಕುಮ, ಒಣಗಿದ ಗರಿಕೆ, ಒಂದು ಪೊಟ್ಟಣ ಕಲ್ಲುಸಕ್ಕರೆ. ಆಗದ ಕೆಲಸಕ್ಕೆ ತೀರಿಸಿದ ಹರಕೆಯ ಪ್ರಸಾದ! ತಿನ್ನುವ ಹಾಗಿಲ್ಲ, ಎಸೆಯುವ ಹಾಗಿಲ್ಲ. ಮನೆಯಲ್ಲಿಟ್ಟು ಹೋಗಲೂ ಹೆದರಿಕೆಯಾಗಿ ಬ್ಯಾಗಿಗೆ ಹಾಕಿಕೊಂಡೆ. ಅಡಿಲೇಡಿನ ಏರ್‌ಪೋರ್ಟಿನಲ್ಲಿ ಕಸ್ಟಮ್ಸಿನವನು ಕೈಗವಸು ಹಾಕಿಕೊಂಡು ಗರಿಕೆಯನ್ನು ಎತ್ತಿ ಹಿಡಿದು ಇದೇನು ಅಂದ. ಹುಲ್ಲು ಅಂದೆ. ಹುಲ್ಲನ್ನು ಯಾಕೆ ತಂದಿರಿ ಅಂದ. ಗಣಪತಿಯ ಕಥೆಯನ್ನು ಎಲ್ಲಿಂದ ಶುರು ಮಾಡುವುದು? ಗರಿಕೆ, ಜೊತೆಗೆ ತಂದಿದ್ದ ಉಪ್ಪಿನಕಾಯಿ ಎರಡೂ ಅವನ ಡಬ್ಬಕ್ಕೆ ಹೋದವು. ಕಲ್ಲುಸಕ್ಕರೆಯನ್ನು ಮೂಸಿ ನೋಡಿ ವಾಪಸು ಕೊಟ್ಟ.

ಗೃಹಪ್ರವೇಶ ಮುಗಿಸಿ ವಿಮಾನದಲ್ಲಿ ಆಲಿಸ್ ಸ್ಪ್ರಿಂಗ್ಸ್ ಎಂಬ ಊರಿಗೆ ಹೋದೆವು. ಅಲ್ಲಿಂದ ಟೂರಿನ ಸಣ್ಣ ಬಸ್ಸು. ಹದಿನಾಲ್ಕು ಜನ, ಗೈಡೇ ಡ್ರೈವರ್, ಅವನೇ ಅಡುಗೆಯವನು. ಐದಾರು ಗಂಟೆ ದಾರಿ, ಎರಡೂ ಕಡೆ ಕೆಂಪು ಮಣ್ಣು, ಕುರುಚಲು ಗಿಡ, ಮತ್ತೆ ಕೆಂಪು ಮಣ್ಣು. ನೊಣಗಳ ಕಾಟ ಹೇಳಿ ಪ್ರಯೋಜನವಿಲ್ಲ, ಬಾಯಿ ತೆಗೆದರೆ ಒಳಗೆ. ನಮ್ಮ ಮನೆಯಲ್ಲಿ ನೀರಿನ ಬಾಟಲಿಗೆ ಬಾಯಿ ಹಚ್ಚುವಂತಿಲ್ಲ, ಎಂಜಲಾಗುತ್ತದೆ, ಎತ್ತಿ ಕುಡಿಯಬೇಕು. ಇದು ನನ್ನ ಕಟ್ಟುನಿಟ್ಟು. ಕುಲುಕುವ ಬಸ್ಸಿನಲ್ಲಿ ಎತ್ತಿ ಕುಡಿಯಲು ಹೋಗಿ ಅಂಗಿಯೆಲ್ಲ ತೋಯಿಸಿಕೊಂಡೆ. ಮಗಳು ಕಿಟಕಿಯ ಕಡೆ ಮುಖ ತಿರುಗಿಸಿ ನಕ್ಕಳು. ರಿಸಲ್ಟ್ ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು, ಅಂಗಿ ಒದ್ದೆಯಾದದ್ದು ಸಾರ್ಥಕ ಅನಿಸಿತು.

ಸಂಜೆಯ ಮುಂಚೆ ಗೈಡ್ ರಸ್ತೆ ಪಕ್ಕ ಬಸ್ಸು ನಿಲ್ಲಿಸಿ ಎಲ್ಲರನ್ನೂ ಸೌದೆ ಆರಿಸಲು ಇಳಿಸಿದ. ಮಗಳು ತನ್ನೆತ್ತರದ ಒಣಕೊಂಬೆ ಎಳೆದು ತಂದಳು. ಕ್ಯಾಂಪಿನಲ್ಲಿ ಬೆಂಕಿ ಹಾಕಿ, ಸುತ್ತ ಮಲಗುವ ಕ್ಯಾನ್ವಾಸ್ ಚೀಲಗಳನ್ನು ಬಿಚ್ಚಿ, ತಟ್ಟೆ ಹಿಡಿದು ಕೂತೆವು. ನಮಗೆ ಡಬ್ಬಿಯ ಬೀನ್ಸು, ಅನ್ನ. ಒಬ್ಬೊಬ್ಬರೂ ಯಾಕೆ ಬಂದಿರಿ ಹೇಳಿ ಅಂದ ಗೈಡ್. ನಮ್ಮ ಪಕ್ಕದಲ್ಲಿ ಒಬ್ಬ ಇಂಗ್ಲಿಷ್ ಹೆಂಗಸು, ನಿವೃತ್ತ ಟೀಚರ್, ಅದೂ ಕ್ರಾಯ್ಡನ್‌ನವರು, ನಮ್ಮ ಸಟನ್‌ನ ಮಗ್ಗುಲು. ನಮ್ಮ ಸರದಿ ಬಂದಾಗ ಅವರು ಮಗಳ ಕಡೆ ಬಾಗಿ, ಸೆಪ್ಟೆಂಬರಿಗೆ ದೊಡ್ಡ ಶಾಲೆ ಅಲ್ಲವಾ, ಯಾವ ಶಾಲೆ ಅಂದರು.

ಮಗಳು ಬಾಯಿ ತೆರೆದಳು. ಅವಳಿಗಿಂತ ಮೊದಲು ನಾನು ಹೇಳಿಬಿಟ್ಟೆ. "ಗ್ರಾಮರ್. ಪಾಸಾದಳು. ಈ ಟೂರು ಅದಕ್ಕೇ ಬಹುಮಾನ."

ಯಾಕೆ ಹೇಳಿದೆ? ಇನ್ನೆಂದೂ ಕಾಣದ ಹೆಂಗಸು, ಕಾಡುಮೇಡಿನ ನಡುವೆ. ಅಲ್ಲೂ ಸ್ಟ್ಯಾನ್ಮೋರ್‌ನ ಊಟದ ಮನೆ ನನ್ನ ಬೆನ್ನು ಬಿಟ್ಟಿರಲಿಲ್ಲ. ಟೀಚರಮ್ಮ ಚಪ್ಪಾಳೆ ತಟ್ಟಿದರು, ಉಳಿದವರೂ ತಟ್ಟಿದರು. ಮಗಳು ತಟ್ಟೆ ನೋಡುತ್ತ "ಥ್ಯಾಂಕ್ಯೂ" ಅಂದಳು. ಹೆಂಡತಿ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಮರುದಿನ ಬೆಳಗಿನ ಬಿಸಿಲಿಗೆ ಬಂಡೆ ಕೆಂಪೇರಿತು. ಚಿತ್ರದಲ್ಲಿ ನೋಡಿದರೆ ಒಂದೇ ಗುಡ್ಡೆ. ಹತ್ತಿರ ಹೋದರೆ ಮಡಿಕೆ, ಗವಿ, ನೀರು ಇಳಿದ ಕಪ್ಪು ಗೆರೆ. ಏರುವುದಕ್ಕೆ ಆಗ ಅವಕಾಶವಿತ್ತು. ಆದರೆ ಆ ನೆಲದ ಮೂಲ ಜನರು ದಯವಿಟ್ಟು ಏರಬೇಡಿ ಅಂತ ಬೋರ್ಡು ಹಾಕಿದ್ದರು. ನಾನು ಏರಲೆಂದೇ ಬೂಟು ತಂದಿದ್ದೆ. ಮಗಳು ಬೋರ್ಡು ಓದಿ, "ನಾನು ಸುತ್ತ ನಡೀತೇನೆ" ಅಂತ ಇಂಗ್ಲಿಷಿನಲ್ಲಿ ಹೇಳಿ ಹೊರಟೇಬಿಟ್ಟಳು. ಹೆಂಡತಿಗೆ ಮಂಡಿನೋವು. "ಹೋಗಿ, ಅವಳ ಜೊತೆ ನೀವೇ ಹೋಗಿ" ಅಂತ ನನ್ನನ್ನು ದೂಡಿದಳು.

ಬಂಡೆಯ ಸುತ್ತು ಹತ್ತು ಕಿಲೋಮೀಟರು. ಅರ್ಧ ದಾರಿ ಅವಳು ಮುಂದೆ, ನಾನು ಹತ್ತು ಹೆಜ್ಜೆ ಹಿಂದೆ. ಬಿಸಿಲು ಏರಿತು. ಒಂದು ಗವಿಯ ನೆರಳಿನಲ್ಲಿ ಅವಳು ಕೂತಳು, ಮುಖ ಕೆಂಪಾಗಿತ್ತು. ತಲೆ ತಿರುಗೀತು ಅಂತ ಹೆದರಿ ಬ್ಯಾಗಿನಲ್ಲಿ ಕೈಯಾಡಿಸಿದರೆ ಸಿಕ್ಕಿದ್ದು ಅದೇ ಪೊಟ್ಟಣ. ಒಂದು ಕಲ್ಲುಸಕ್ಕರೆ ತೆಗೆದು "ಬಾಯಿಗೆ ಹಾಕು" ಅಂದೆ.

ಅವಳು ಅದನ್ನೇ ನೋಡಿದಳು. ಆಮೇಲೆ ತನ್ನ ಇಂಗ್ಲಿಷಿನಲ್ಲಿ, ಸಿಟ್ಟಿಲ್ಲದೆ, ನಿಧಾನವಾಗಿ ಹೇಳಿದಳು. "ಅದು ಪಾಸಾದ ಹುಡುಗಿಗೆ ಕಳಿಸಿದ್ದು ಡ್ಯಾಡ್. ನಿಮಗೆ ಅವಳೇ ಇಷ್ಟ. ಅಜ್ಜಿಗೂ ಅವಳ ಬಗ್ಗೆ ಹೇಳಿದಿರಿ, ನಿನ್ನೆ ಎಲ್ಲರಿಗೂ ಅವಳ ಬಗ್ಗೆಯೇ ಹೇಳಿದಿರಿ. ನನ್ನ ಬಗ್ಗೆ ಯಾರಿಗೂ ಹೇಳಲಿಲ್ಲ."

ಸಕ್ಕರೆಯನ್ನು ಮತ್ತೆ ಪೊಟ್ಟಣಕ್ಕೆ ಹಾಕಿದೆ. ಉಳಿದ ಅರ್ಧ ದಾರಿಯನ್ನು ಅವಳ ಪಕ್ಕದಲ್ಲೇ ನಡೆದೆ. ಅವಳು ಬೇಡ ಅನ್ನಲಿಲ್ಲ, ನನ್ನ ಕೈಯನ್ನೂ ಹಿಡಿಯಲಿಲ್ಲ.

ಸುತ್ತು ಮುಗಿದಲ್ಲಿ ಟೀಚರಮ್ಮ ನೆರಳಿನಲ್ಲಿ ಕೂತು ಬಿಸ್ಕತ್ತು ತಿನ್ನುತ್ತಿದ್ದರು. ನೇರ ಅವರ ಮುಂದೆ ಹೋಗಿ ನಿಂತೆ. "ನಿನ್ನೆ ನಾನು ಹೇಳಿದ್ದು ಸುಳ್ಳು. ಇವಳು ಪಾಸಾಗಲಿಲ್ಲ. ಸುಮ್ಮನೆ ಬಂದಿದ್ದೇವೆ, ಇವಳಿಗೆ ಈ ಬಂಡೆ ಇಷ್ಟ ಅಂತ" ಅಂದೆ. ಅವರು ನನ್ನ ಕಡೆ ನೋಡಲೇ ಇಲ್ಲ. ಮಗಳಿಗೆ ಬಿಸ್ಕತ್ತಿನ ಡಬ್ಬಿ ಚಾಚಿ, ಬಂಡೆಯಲ್ಲಿ ಯಾವ ಜಾಗ ಚೆನ್ನಾಗಿತ್ತು ಅಂತ ಕೇಳಿದರು. ಮಗಳು ಹತ್ತು ನಿಮಿಷ ಮಾತಾಡಿದಳು. ಅಷ್ಟು ಮಾತು ಅವಳಲ್ಲಿತ್ತು ಅಂತ ನನಗೆ ಗೊತ್ತಿರಲಿಲ್ಲ.

ಮೂರನೇ ದಿನ ಸಂಜೆ ಐದಕ್ಕೆ ಆಲಿಸ್ ಸ್ಪ್ರಿಂಗ್ಸ್‌ಗೆ ವಾಪಸು ಬಂದೆವು. ಹೆಂಡತಿ ಲಾಡ್ಜಿನ ರೂಮಿಗೆ ಹೋದಳು. ನಾನು ರಸ್ತೆ ಬದಿಯ ಫೋನ್ ಬೂತಿಗೆ ಹೋದೆ, ಮಗಳೂ ಹಿಂದೆಯೇ ಬಂದಳು. ಊರಲ್ಲಿ ಆಗ ಮಧ್ಯಾಹ್ನ ಒಂದು ಗಂಟೆ, ಅಮ್ಮ ಊಟ ಮುಗಿಸಿ ಕೂತಿರುತ್ತಾಳೆ.

"ಅಮ್ಮ, ಅವಳು ಪಾಸಾಗಲಿಲ್ಲ. ನಾನು ಸುಳ್ಳು ಹೇಳಿದೆ. ನಿನ್ನ ಹರಕೆ ದಂಡವಾಯಿತು" ಅಂದೆ ಒಂದೇ ಉಸಿರಿಗೆ.

"ನೀನು ಹೊಡೆದಿಯಾ?" ಅಂದಳು ಅಮ್ಮ.

"ಎಂತ?"

"ಹೆಣ್ಣಿಗೆ ಹೊಡೆದಿಯಾ ಅಂತ ಕೇಳಿದ್ದು."

"ಇಲ್ಲ. ಕೈ ಎತ್ತಿದ್ದೆ. ಹೊಡೆಯಲಿಲ್ಲ."

ಅಮ್ಮ ಉಸಿರು ಬಿಟ್ಟದ್ದು ಅಷ್ಟು ದೂರದಿಂದಲೂ ಕೇಳಿತು. "ಹಾಗಾದರೆ ಹರಕೆ ಎಂತಕ್ಕೆ ದಂಡ? ಅವಳು ಪಾಸಾಗಲಿ ಅಂತ ನಾನು ಹೇಳಿಕೊಂಡದ್ದಲ್ಲ ಮಗಾ. ಫೇಲಾದರೆ ನಿನ್ನ ಕೈ ಅವಳ ಮೇಲೆ ಬೀಳದೆ ಇರಲಿ ಅಂತ. ಅವತ್ತು ಅಂಗಳದಲ್ಲಿ ನಿನಗೆ ಪೆಟ್ಟು ಬೀಳುವಾಗ ನಾನು ಒಲೆ ಮುಂದೆ ನಿಂತೇ ಇದ್ದೆ, ಅಡ್ಡ ಬರಲಿಲ್ಲ. ಅದು ನನ್ನ ಹೊಟ್ಟೆಯಲ್ಲಿ ಇಷ್ಟು ವರ್ಷ ಇತ್ತು. ನಿನ್ನ ಊರಿಗೆ ಬಂದು ಅಡ್ಡ ನಿಲ್ಲಲಿಕ್ಕೆ ನನಗೆ ಆಗ್ತದಾ? ಗಣಪತಿಗೆ ಹೇಳಿದೆ."

ನಾನು ಬೂತಿನ ಗಾಜಿಗೆ ಹಣೆ ಒತ್ತಿ ಅತ್ತೆ. ಮಗಳಿಗೆ ಎಲ್ಲ ಕೇಳಿಸಿತ್ತು, ಅಮ್ಮನ ದನಿ ಮೊದಲಿನಿಂದಲೂ ದೊಡ್ಡದು. ಅವಳು ನನ್ನ ಕೈಯಿಂದ ರಿಸೀವರ್ ತೆಗೆದುಕೊಂಡಳು. ಶಬ್ದ ಹುಡುಕಿ ಹುಡುಕಿ, ಕನ್ನಡದಲ್ಲೇ ಹೇಳಿದಳು. "ಅಜ್ಜಿ, ನಾನ್ ಮರ್ಕಲಿಲ್ಲ. ಈಗ ಡ್ಯಾಡ್ ಮರ್ಕ್ತಾ ಇದ್ದಾರೆ."

ಫೋನಿಟ್ಟು ಅವಳು ಅಂಗೈ ಚಾಚಿದಳು. ನಾನು ಪೊಟ್ಟಣ ತೆಗೆದು ಒಂದು ಕಲ್ಲುಸಕ್ಕರೆ ಇಟ್ಟೆ. ಅದನ್ನು ಹಲ್ಲಿನಲ್ಲಿ ಕಟಕ್ಕನೆ ಕಡಿದು, ಉಳಿದ ಅರ್ಧವನ್ನು ನನ್ನ ಕಡೆ ಹಿಡಿದಳು. ಎಂಜಲು, ಅದೂ ಪ್ರಸಾದ. ಬೇರೆ ದಿನವಾಗಿದ್ದರೆ ಬೈದು ಕೈ ತೊಳೆಸುತ್ತಿದ್ದೆ. ತೆಗೆದುಕೊಂಡು ಬಾಯಿಗೆ ಹಾಕಿಕೊಂಡೆ.